ಕಬಿನಿಗೆ ಕ್ಯಾಮೆರಾ ಹಿಡಿದು ಹೊರಡುವ ಮುನ್ನ: ನಾಗರಹೊಳೆ ಸಫಾರಿಗೆ ಸಮಗ್ರ ಮಾರ್ಗದರ್ಶಿ

ಕಬಿನಿಗೆ ಯಾವಾಗ ಹೋಗಬೇಕು ಅಂತ ಯಾರಾದರೂ ಕೇಳಿದರೆ ನಾನು ಪೇಪರ್ ನೋಡಿ ಅನ್ನುತ್ತೇನೆ. ಮೈಸೂರು ಭಾಗದ ಪತ್ರಿಕೆಗಳಲ್ಲಿ ಜಲಾಶಯಗಳ ನೀರಿನ ಮಟ್ಟ ಬರುತ್ತದಲ್ಲ, ಅದರಲ್ಲಿ ಕಬಿನಿಯ ಸಾಲು. ಗರಿಷ್ಠ ಮಟ್ಟ 2284 ಅಡಿ. ಇವತ್ತಿನ ಮಟ್ಟ ಎಷ್ಟಿದೆ ನೋಡಿ. ಹದಿನೈದು ಇಪ್ಪತ್ತು ಅಡಿ ಇಳಿದಿದ್ದರೆ ಬ್ಯಾಗ್ ಕಟ್ಟಬಹುದು. ಇದು ಪುಸ್ತಕದ ಲೆಕ್ಕವಲ್ಲ, ನಾಲ್ಕಾರು ಸಲ ಹೋಗಿ ಬಂದವನ ಲೆಕ್ಕ.

ಬಹಳ ಜನ ಹುಲಿಯನ್ನು ನೆನೆಸಿಕೊಂಡು ತಾರೀಖು ಗೊತ್ತು ಮಾಡುತ್ತಾರೆ. ಹುಲಿಗೆ ನಿಮ್ಮ ತಾರೀಖು ಗೊತ್ತಿಲ್ಲ. ಆದರೆ ನೀರು ಎಲ್ಲಿದೆ, ಹುಲ್ಲು ಎಲ್ಲಿ ಚಿಗುರಿದೆ ಅನ್ನುವುದು ಆನೆಗೂ ಗೊತ್ತು, ಜಿಂಕೆಗೂ ಗೊತ್ತು. ಅವು ಬಂದ ಕಡೆ ಉಳಿದವರೂ ಬರುತ್ತಾರೆ. ಹಾಗಾಗಿ ಈ ಪ್ರವಾಸದ ಯೋಜನೆ ನೀರಿನಿಂದ ಶುರುವಾಗಲಿ.

ಮೊದಲ ಹೆಜ್ಜೆ: ನೀರು ನೋಡಿ ತಿಂಗಳು ಆರಿಸಿ

ಎಚ್.ಡಿ. ಕೋಟೆ ತಾಲ್ಲೂಕಿನ ಬೀಚನಹಳ್ಳಿ ಬಳಿ 1974ರಲ್ಲಿ ಅಣೆಕಟ್ಟು ಮುಗಿಯಿತು. ಹಿನ್ನೀರು ಕಾಡಿನ ನಡುವೆ ಚಾಚಿಕೊಂಡಿತು. ಈಗ ಆ ನೀರಿನ ಒಂದು ದಡ ನಾಗರಹೊಳೆ, ಎದುರು ದಡ ಬಂಡೀಪುರ. ಮೇಲಕ್ಕೆ ಹೋದರೆ ಕೇರಳದ ವಯನಾಡು. ಕಬಿನಿ ಹುಟ್ಟುವುದೂ ಅಲ್ಲೇ. ವಯನಾಡಿನಲ್ಲಿ ಜೋರು ಮಳೆಯಾದರೆ ಇಲ್ಲಿ ಡ್ಯಾಂ ತುಂಬುತ್ತದೆ, ಮೈಸೂರಿನಲ್ಲಿ ಬಿಸಿಲಿದ್ದರೂ ಸರಿ.

ಬೇಸಿಗೆ ಬಂದಂತೆ ನೀರು ಹಿಂದೆ ಸರಿಯುತ್ತದೆ. ಮುಳುಗಿದ್ದ ನೆಲ ಮೇಲೆ ಬಂದು ಅದರ ತುಂಬ ಎಳೆ ಹುಲ್ಲು ಹುಟ್ಟುತ್ತದೆ. ಉಳಿದ ಕಾಡು ಒಣಗಿ ಕಂದು ಬಣ್ಣಕ್ಕೆ ತಿರುಗಿರುವಾಗ ಇಲ್ಲಿ ಮಾತ್ರ ಹಸಿರು. ಮಾರ್ಚ್‌ನಿಂದ ಮೇವರೆಗೆ ಸುತ್ತಲಿನ ಕಾಡುಗಳ ಆನೆಗಳೆಲ್ಲ ಈ ದಡಕ್ಕೆ ಇಳಿಯುತ್ತವೆ. ಒಂದೇ ಸಂಜೆ ಹಿಂಡಿನ ಮೇಲೆ ಹಿಂಡು ಬರುತ್ತದೆ. ಏಷ್ಯಾದ ಆನೆಗಳನ್ನು ಬಯಲಲ್ಲಿ ಹೀಗೆ ಗುಂಪು ಗುಂಪಾಗಿ ನೋಡಲು ಸಿಗುವ ಜಾಗಗಳು ತೀರಾ ಕಡಿಮೆ. ಮೊದಲ ಸಲ ಹೋಗುವವರಿಗೆ ಏಪ್ರಿಲ್ ಅಂತ ನಾನು ಕಣ್ಣು ಮುಚ್ಚಿ ಹೇಳುತ್ತೇನೆ. ಸೆಕೆ ಇರುತ್ತದೆ, ಧೂಳು ಇರುತ್ತದೆ, ಹತ್ತು ಗಂಟೆ ಮೇಲೆ ಬೆಳಕು ಕೆಡುತ್ತದೆ. ಇರಲಿ.

ಡಿಸೆಂಬರ್‌ನಿಂದ ಫೆಬ್ರವರಿ ಇನ್ನೊಂದು ಬಗೆಯ ಚೆಂದ. ಬೆಳಗ್ಗೆ ಮಂಜು, ಓರೆ ಬಿಸಿಲು, ವಲಸೆ ಹಕ್ಕಿಗಳು. ಎಲೆ ಉದುರುತ್ತಾ ಹೋದಂತೆ ಮರದ ಮೇಲಿನ ಚಿರತೆ ಕಣ್ಣಿಗೆ ಬೀಳುವ ಸಾಧ್ಯತೆ ಜಾಸ್ತಿ. ಮಳೆಗಾಲದಲ್ಲಿ ಕಾಡು ದಟ್ಟ ಹಸಿರು, ಆದರೆ ಎಲ್ಲೆಲ್ಲೂ ನೀರು ಸಿಗುವುದರಿಂದ ಪ್ರಾಣಿಗಳು ಚದುರಿ ಹೋಗುತ್ತವೆ. ಜೋರು ಮಳೆ ಹಿಡಿದರೆ ಸಫಾರಿಯೇ ರದ್ದಾಗಬಹುದು. ಎರಡನೇ ಮೂರನೇ ಸಲಕ್ಕೆ ಮಳೆಗಾಲ ಇಟ್ಟುಕೊಳ್ಳಿ.

ಎರಡನೇ ಹೆಜ್ಜೆ: ಯಾವ ಬಾಗಿಲು?

ನಾಗರಹೊಳೆ ರಾಷ್ಟ್ರೀಯ ಉದ್ಯಾನ ಸುಮಾರು 643 ಚದರ ಕಿ.ಮೀ. ಇದೆ, ಮೈಸೂರು ಮತ್ತು ಕೊಡಗು ಜಿಲ್ಲೆಗಳಲ್ಲಿ ಹರಡಿಕೊಂಡಿದೆ. ಸಫಾರಿ ಹೊರಡುವ ಕಡೆಗಳು ಬೇರೆ ಬೇರೆ. ಕುಟ್ಟ ಬಳಿಯ ನಾಣಚ್ಚಿ ಕೊಡಗಿನಿಂದ ಬರುವವರಿಗೆ ಅನುಕೂಲ. ಹುಣಸೂರು ಕಡೆಯಿಂದ ವೀರನಹೊಸಹಳ್ಳಿ. ಹಿನ್ನೀರಿನ ಬದಿಗೆ ಅಂತರಸಂತೆಯಾಚೆ ದಮ್ಮನಕಟ್ಟೆ. ಒಂದು ಕಡೆ ಟಿಕೆಟ್ ತೆಗೆದುಕೊಂಡು ಇನ್ನೊಂದು ಗೇಟಿಗೆ ಹೋಗಿ ನಿಂತವರನ್ನು ಕಂಡಿದ್ದೇನೆ. ನಕ್ಷೆಯಲ್ಲಿ ಪಕ್ಕದಲ್ಲೇ ಕಂಡರೂ ಕಾಡು ಸುತ್ತಿ ಹೋಗಬೇಕು. ಆನೆ, ಹಿನ್ನೀರು, ಫೋಟೋ ಮುಖ್ಯ ಅನ್ನುವವರಿಗೆ ದಮ್ಮನಕಟ್ಟೆ ಬದಿಯೇ ಸರಿ. ಮುಂದೆ ಹೇಳುವುದೆಲ್ಲ ಆ ಬದಿಯದು.

ಇಲ್ಲಿ ಎರಡು ದಾರಿ. ಅರಣ್ಯ ಇಲಾಖೆಯ ಬಸ್ಸಿನಲ್ಲಿ ಹೋಗುವುದು ಅಗ್ಗ. ಬರೀ ನೋಡುವುದಕ್ಕೆ ಸಾಕು, ಮಕ್ಕಳು ಮರಿ ಜೊತೆ ಹೋಗುವವರಿಗೆ ಅದೇ ಒಳ್ಳೆಯದು. ಆದರೆ ಬಸ್ಸಿನಲ್ಲಿ ಪ್ರಾಣಿ ಯಾವ ಬದಿಗೆ ಬಂದರೆ ಆ ಬದಿಯ ಕಿಟಕಿಯವರಿಗಷ್ಟೇ ಫೋಟೋ. ಇನ್ನೊಂದು ದಾರಿ ಸರ್ಕಾರದ್ದೇ ಆದ ಜಂಗಲ್ ಲಾಡ್ಜಸ್ ಮೂಲಕ ಜೀಪು. ಕಾರಾಪುರದಲ್ಲಿ, ಮಹಾರಾಜರ ಕಾಲದ ಬೇಟೆ ಬಂಗಲೆ ಇರುವ ಆವರಣದಲ್ಲಿ, ಅವರ ವಸತಿ ಇದೆ. ಊಟ, ವಸತಿ, ಸಫಾರಿ ಸೇರಿ ಪ್ಯಾಕೇಜ್. ದುಬಾರಿ, ಸುಳ್ಳು ಹೇಳುವುದಿಲ್ಲ. ಫೋಟೋಗೆ ಅಂತಲೇ ಹೋಗುವವರು ನಾಲ್ಕು ಸಲ ಬಸ್ಸಿನಲ್ಲಿ ಹೋಗುವ ಬದಲು ದುಡ್ಡು ಕೂಡಿಸಿ ಒಂದು ಸಲ ಜೀಪಿನಲ್ಲಿ ಹೋಗುವುದು ಮೇಲು.

ಮೂರನೇ ಹೆಜ್ಜೆ: ಸಫಾರಿ ನಡೀತಿದೆಯಾ? ಆಮೇಲೆ ದುಡ್ಡು

ಇದನ್ನು ಮರೆಯಬೇಡಿ. 2025ರ ನವೆಂಬರ್‌ನಲ್ಲಿ ಕಾಡಂಚಿನ ಹಳ್ಳಿಗಳಲ್ಲಿ ಹುಲಿ ದಾಳಿಗೆ ರೈತರು ಜೀವ ಕಳೆದುಕೊಂಡಾಗ ಸರ್ಕಾರ ಬಂಡೀಪುರ, ನಾಗರಹೊಳೆ ಎರಡೂ ಕಡೆ ಸಫಾರಿ ನಿಲ್ಲಿಸಿತ್ತು. ರೂಮು ಬುಕ್ ಮಾಡಿದ್ದವರು ಕೈಕೈ ಹಿಸುಕಿಕೊಂಡರು. ನನಗೆ ಅದರಲ್ಲಿ ತಪ್ಪು ಕಾಣಲಿಲ್ಲ. ಸಿಬ್ಬಂದಿ ಹಳ್ಳಿ ಕಾಯಬೇಕಾದ ಹೊತ್ತಲ್ಲಿ ನಮ್ಮ ಫೋಟೋ ಕಾಯಲಿ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯದಿಂದಲೂ ಕೆಲವೊಮ್ಮೆ ಬಾಗಿಲು ಹಾಕುತ್ತಾರೆ. ಆದ್ದರಿಂದ ಮೊದಲು ಇಲಾಖೆಯ ವೆಬ್‌ಸೈಟ್ ನೋಡಿ, ಫೋನ್ ಮಾಡಿ ಕೇಳಿ. ರದ್ದಾದರೆ ಹಣ ವಾಪಸ್ ಬರುತ್ತದಾ ಅನ್ನುವುದನ್ನು ದುಡ್ಡು ಕಟ್ಟುವ ಮೊದಲೇ ಓದಿ.

ಖಾಸಗಿ ರೆಸಾರ್ಟ್ ಅಥವಾ ಹೋಂಸ್ಟೇಯಲ್ಲಿ ಉಳಿಯುತ್ತೀರಾದರೆ ಒಂದು ಪ್ರಶ್ನೆ ನೇರವಾಗಿ ಕೇಳಿ: "ಸಫಾರಿ ಸೀಟು ನನ್ನ ಹೆಸರಲ್ಲಿ ಬುಕ್ ಆಗಿದೆಯಾ, ಇಲ್ಲ ಅಲ್ಲಿಗೆ ಬಂದ ಮೇಲೆ ನೋಡೋಣ ಅಂತೀರಾ?" ಒಮ್ಮೆ ನನಗೆ "ಬನ್ನಿ ಸಾರ್, ಎಲ್ಲಾ ಆಗುತ್ತೆ" ಅಂದಿದ್ದರು. ಹೋದೆ. ಏನೂ ಆಗಲಿಲ್ಲ. ಎರಡು ದಿನ ಹೊಳೆ ನೋಡಿಕೊಂಡು ಕಾಫಿ ಕುಡಿದು ವಾಪಸ್ ಬಂದೆ.

ಎಷ್ಟು ಸಫಾರಿ ಬೇಕು? ಒಂದೇ ಆದರೆ ಅದು ಲಾಟರಿ. ನಾಲ್ಕು ಆದರೆ ಪ್ರವಾಸ. ಎರಡು ರಾತ್ರಿ ಉಳಿದರೆ ನಾಲ್ಕು ಸಫಾರಿ ಕೂರುತ್ತದೆ: ಹೋದ ದಿನ ಮಧ್ಯಾಹ್ನ ಒಂದು, ಮಾರನೇ ದಿನ ಎರಡು, ಹೊರಡುವ ದಿನ ಬೆಳಗ್ಗೆ ಒಂದು. ಅದರಲ್ಲಿ ಒಂದು ದೋಣಿಯದಾಗಿರಲಿ. ಶನಿವಾರ ಭಾನುವಾರ ಬಿಟ್ಟು ಮಂಗಳವಾರ ಬುಧವಾರ ಹೋಗಿ. ಗದ್ದಲ ಕಡಿಮೆ. ರಜೆ ಸಾಲಾಗಿ ಬಂದ ವಾರವಾದರೆ ತಿಂಗಳುಗಟ್ಟಲೆ ಮೊದಲೇ ಸೀಟು ತುಂಬಿರುತ್ತದೆ. ಕ್ಯಾಮೆರಾಗೆ ಲೆನ್ಸಿನ ಅಳತೆ ನೋಡಿ ಪ್ರತ್ಯೇಕ ಶುಲ್ಕ ಇರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಬುಕ್ ಮಾಡಿದ ಹೆಸರಿನ ಗುರುತಿನ ಚೀಟಿ ಜೊತೆಗಿರಲಿ. ಡ್ರೋನ್ ಮನೆಯಲ್ಲೇ ಇರಲಿ, ಅದನ್ನು ಹಾರಿಸುವುದಕ್ಕೆ ಅನುಮತಿ ಇಲ್ಲ.

ನಾಲ್ಕನೇ ಹೆಜ್ಜೆ: ದಾರಿ

ಬೆಂಗಳೂರಿನಿಂದ ಮೈಸೂರು, ಅಲ್ಲಿಂದ ಎಚ್.ಡಿ. ಕೋಟೆ, ಅಂತರಸಂತೆ. ಒಟ್ಟು 220 ಕಿ.ಮೀ. ಆಸುಪಾಸು. ಮಧ್ಯಾಹ್ನದ ಸಫಾರಿ ಇದ್ದರೆ ಬೆಳಗ್ಗೆ ಆರಕ್ಕೆ ಬೆಂಗಳೂರು ಬಿಡಿ. ಕೋಟೆಯಲ್ಲಿ ಪೆಟ್ರೋಲ್ ಹಾಕಿಸಿ, ಔಷಧಿ, ಹಣ್ಣು ಏನು ಬೇಕೋ ಅಲ್ಲೇ ಕೊಂಡುಬಿಡಿ. ಬಸ್ಸಿನಲ್ಲಿ ಬರುವವರಿಗೆ ಮೈಸೂರಿನಿಂದ ಕೋಟೆಗೆ ಸಲೀಸು, ಮುಂದಕ್ಕೆ ಆಟೋ ಅಥವಾ ಉಳಿಯುವ ಕಡೆಯ ಗಾಡಿ.

ಅಂತರಸಂತೆ ದಾಟಿದರೆ ಮಾನಂದವಾಡಿ ರಸ್ತೆ ಕಾಡಿನೊಳಗೆ ಹೋಗುತ್ತದೆ. ಸಂಜೆ ಆರರಿಂದ ಬೆಳಗ್ಗೆ ಆರರವರೆಗೆ ಅಲ್ಲಿ ವಾಹನ ಸಂಚಾರ ಇಲ್ಲ. ವಯನಾಡಿನಿಂದ ಬರುವವರು ಇದನ್ನು ನೋಡಿಕೊಂಡು ಹೊರಡಿ. ಅದೇ ರಸ್ತೆಯಲ್ಲಿ ಬಳ್ಳೆ ಆನೆ ಶಿಬಿರ ಸಿಗುತ್ತದೆ. ಎಂಟು ಸಲ ದಸರಾದ ಚಿನ್ನದ ಅಂಬಾರಿ ಹೊತ್ತ ಅರ್ಜುನ ಇದ್ದದ್ದು ಅಲ್ಲೇ. 2023ರ ಡಿಸೆಂಬರ್‌ನಲ್ಲಿ ಹಾಸನ ಜಿಲ್ಲೆಯಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಅವನು ಸತ್ತ. ದಾರಿಯಲ್ಲಿ ಹೋಗುವಾಗ ನೆನೆಸಿಕೊಳ್ಳಿ, ಗಾಡಿ ಮಾತ್ರ ನಿಲ್ಲಿಸಬೇಡಿ. ಕಾಡಿನ ರಸ್ತೆಯಲ್ಲಿ ಇಳಿಯುವುದು, ಕೋತಿಗೆ ಬಾಳೆಹಣ್ಣು ಕೊಡುವುದು ಎರಡೂ ದಂಡ ಕಟ್ಟುವ ಕೆಲಸ.

ಐದನೇ ಹೆಜ್ಜೆ: ಬ್ಯಾಗು

ಲೆನ್ಸಿನ ವಿಷಯ ಮೊದಲು. 400 ಎಂಎಂವರೆಗೆ ಹೋಗುವ ಜೂಮ್ ಇದ್ದರೆ ಕೆಲಸ ನಡೆಯುತ್ತದೆ, 600 ಇದ್ದರೆ ಹಕ್ಕಿಗೂ ಸಾಕು. 100-400, 150-600 ತರಹದ ಜೂಮ್ ಇಲ್ಲಿಗೆ ಹೇಳಿ ಮಾಡಿಸಿದ ಹಾಗಿದೆ. ಏಕೆಂದರೆ ಆನೆ ಕೆಲವೊಮ್ಮೆ ಜೀಪಿನ ಪಕ್ಕದಲ್ಲೇ ನಿಂತಿರುತ್ತದೆ, ಆಗ 600 ಹಿಡಿದುಕೊಂಡವರಿಗೆ ಕಿವಿಯ ತುದಿ ಮಾತ್ರ ಸಿಗುತ್ತದೆ. ಸ್ವಂತ ಲೆನ್ಸ್ ಇಲ್ಲದಿದ್ದರೆ ಬೆಂಗಳೂರು, ಮೈಸೂರಿನಲ್ಲಿ ದಿನ ಬಾಡಿಗೆಗೆ ಸಿಗುತ್ತದೆ. ಒಂದೇ ಒಂದು ಎಚ್ಚರಿಕೆ: ಹೊರಡುವ ಎರಡು ದಿನ ಮೊದಲೇ ತಂದು ಕೈ ಪಳಗಿಸಿಕೊಳ್ಳಿ.

ಟ್ರೈಪಾಡ್ ಬೇಡ. ಜೀಪಿನಲ್ಲಿ ಅದನ್ನು ನಿಲ್ಲಿಸಲು ಜಾಗ ಇಲ್ಲ, ಪಕ್ಕದವರ ಬೈಗುಳ ಬೇರೆ. ಬೀನ್ ಬ್ಯಾಗ್, ಅಂದರೆ ಲೆನ್ಸ್ ಊರಿ ಇಡುವುದಕ್ಕೆ ಕಾಳು ತುಂಬಿದ ಚೀಲ, ಒಯ್ಯಿರಿ. ಗಟ್ಟಿ ಬಟ್ಟೆಯಲ್ಲಿ ದರ್ಜಿಯ ಹತ್ತಿರ ಹೊಲಿಸಿದರೂ ಆಯಿತು. ಖಾಲಿ ಒಯ್ದು ಕೋಟೆಯಲ್ಲಿ ಎರಡು ಕೆ.ಜಿ. ಹುರುಳಿ ಕೊಂಡು ತುಂಬಿ. ಹುರುಳಿ ಸಣ್ಣಗೆ ಗುಂಡಗಿರುವುದರಿಂದ ಲೆನ್ಸ್ ಅದರಲ್ಲಿ ಚೆನ್ನಾಗಿ ಕೂರುತ್ತದೆ. ಒಳಗೊಂದು ಪ್ಲಾಸ್ಟಿಕ್ ಕವರ್ ಹಾಕಿಯೇ ತುಂಬಿ, ಕಾರಣ ಆಮೇಲೆ ಹೇಳುತ್ತೇನೆ.

ಎರಡು ಬ್ಯಾಟರಿ, ಎರಡು ಕಾರ್ಡ್. ಧೂಳಿಗೆ ಒಂದು ದೊಡ್ಡ ಟವೆಲ್ ಅಥವಾ ದಿಂಬಿನ ಕವರ್, ಗಾಡಿ ಓಡುವಾಗ ಕ್ಯಾಮೆರಾ ಅದರೊಳಗೇ ಇರಲಿ. ಸಫಾರಿ ನಡುವೆ ಲೆನ್ಸ್ ಬದಲಿಸಬೇಡಿ. ಬೈನಾಕ್ಯುಲರ್ ಇದ್ದರೆ ಖಂಡಿತ ತನ್ನಿ. ಬಟ್ಟೆ ಮಣ್ಣಿನ ಬಣ್ಣದ್ದು, ಎಲೆ ಬಣ್ಣದ್ದು. ಸೆಂಟು ಹಚ್ಚಬೇಡಿ. ಡಿಸೆಂಬರ್ ಜನವರಿಯಲ್ಲಾದರೆ ತೆರೆದ ಜೀಪಿನಲ್ಲಿ ಬೆಳಗಿನ ಗಾಳಿ ಮೂಳೆಗೆ ಇಳಿಯುತ್ತದೆ. ಸ್ವೆಟರ್, ಮಂಕಿ ಕ್ಯಾಪ್ ಇರಲಿ, ನಗುವವರು ನಗಲಿ. ಮೂರು ಗಂಟೆ ಗಾಡಿಯಿಂದ ಇಳಿಯುವ ಹಾಗಿಲ್ಲ. ಹೊರಡುವ ಮುಂಚೆ ಚಹಾ ಹೀರುವಾಗ ಇದು ನೆನಪಿರಲಿ.

ಆರನೇ ಹೆಜ್ಜೆ: ಮನೆ ಮುಂದೆಯೇ ತಾಲೀಮು

ಕಾಡಿಗೆ ಹೋಗಿ ಬಟನ್ ಹುಡುಕುವವರಿಗೆ ಚಿರತೆ ಸಿಕ್ಕೂ ಸಿಗುವುದಿಲ್ಲ. ಒಂದು ವಾರ ಮೊದಲು ಬೀದಿನಾಯಿ ಓಡುವುದನ್ನು, ಮಹಡಿ ಮೇಲೆ ಸುತ್ತುವ ಹದ್ದನ್ನು ತೆಗೆಯಿರಿ. ಫೋಕಸ್ ಅನ್ನು ಸತತವಾಗಿ ಹಿಡಿಯುವ ಮೋಡ್‌ಗೆ ಹಾಕಿ. ಕ್ಯಾಮೆರಾದಲ್ಲಿ ಪ್ರಾಣಿಯ ಕಣ್ಣು ಗುರುತಿಸುವ ಸೌಲಭ್ಯ ಇದ್ದರೆ ಆನ್ ಮಾಡಿ, ಆದರೆ ಪೊದೆ ಅಡ್ಡ ಬಂದಾಗ ಒಂದೇ ಬಿಂದುವಿಗೆ ಬದಲಿಸುವುದು ಹೇಗೆ ಅಂತ ಬೆರಳಿಗೆ ಗೊತ್ತಿರಲಿ. ಬಿದಿರು ಮೆಳೆಯೊಳಗಿನ ಹುಲಿಗೆ ಕ್ಯಾಮೆರಾ ಬಿದಿರನ್ನೇ ಹಿಡಿಯುತ್ತದೆ.

ಶಟರ್ ವೇಗ: ಕೂತ ಪ್ರಾಣಿಗೆ 1/500, ಓಡುವುದಕ್ಕೆ 1/1600, ಹಾರುವ ಹಕ್ಕಿಗೆ 1/2000ಕ್ಕಿಂತ ಮೇಲೆ. ಅಪರ್ಚರ್, ಅಂದರೆ ಬೆಳಕು ಒಳಗೆ ಬರುವ ಕಿಂಡಿ, ಲೆನ್ಸಿನ ಅತಿ ಅಗಲದ್ದೇ ಇರಲಿ. ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಆಟೋಗೆ ಬಿಟ್ಟು 6400ಕ್ಕೆ ಮಿತಿ ಹಾಕಿ. ಮುಂಜಾನೆ ಮರದ ನೆರಳಲ್ಲಿ ಬೆಳಕು ತೀರಾ ಕಡಿಮೆ. ಕಾಳುಕಾಳಾದ ಚಿತ್ರವನ್ನು ಆಮೇಲೆ ತಿದ್ದಬಹುದು, ಅಲುಗಿದ್ದನ್ನು ಬ್ರಹ್ಮ ಬಂದರೂ ತಿದ್ದಲಾರ. ಚಿತ್ರವನ್ನು ಕ್ಯಾಮೆರಾ ತಾನೇ ತಿದ್ದಿ ಕುಗ್ಗಿಸದ ರಾ ಫೈಲ್‌ನಲ್ಲೇ ಉಳಿಸಿ.

ಬೆಳಕಿನ ಅಂದಾಜಿನಲ್ಲಿ ಕ್ಯಾಮೆರಾ ಮೋಸ ಹೋಗುತ್ತದೆ. ಅದು ಎಲ್ಲವನ್ನೂ ಬೂದು ಮಾಡಲು ನೋಡುತ್ತದೆ. ಕಾಟಿ, ಅಂದರೆ ಕಾಡೆಮ್ಮೆ, ಚೌಕಟ್ಟು ತುಂಬ ನಿಂತರೆ ಅದರ ಕಪ್ಪು ಮೈ ಬೂದಿ ಬಳಿದಂತೆ ಬರುತ್ತದೆ. ಆಗ ಎಕ್ಸ್‌ಪೋಷರ್, ಅಂದರೆ ಚಿತ್ರಕ್ಕೆ ಬೀಳುವ ಬೆಳಕನ್ನು, ಮುಕ್ಕಾಲು ಅಥವಾ ಒಂದು ಸ್ಟಾಪ್ (ಬೆಳಕಿನ ಒಂದು ಮೆಟ್ಟಿಲು) ಇಳಿಸಿ. ಕಬಿನಿಯ ಹೆಸರನ್ನು ದೂರ ದೂರಕ್ಕೆ ಒಯ್ದ ಕರಿಚಿರತೆಗೂ ಇದೇ ಲೆಕ್ಕ. ಅದು ಬೇರೆ ಜಾತಿಯಲ್ಲ, ಮಾಮೂಲಿ ಚಿರತೆಯೇ, ಮೈಯಲ್ಲಿ ಕಪ್ಪು ಬಣ್ಣ ಜಾಸ್ತಿ. ಓರೆ ಬಿಸಿಲು ಬಿದ್ದರೆ ಒಳಗಿನ ಚುಕ್ಕೆಗಳು ಕಾಣುತ್ತವೆ. ಕಪ್ಪು ನೀರಿನ ಮುಂದೆ ಪುಟ್ಟದಾಗಿ ನಿಂತ ಬೆಳ್ಳಕ್ಕಿಗೂ ಇಳಿಸಬೇಕು, ಇಲ್ಲದಿದ್ದರೆ ಗರಿಯೆಲ್ಲ ಸುಣ್ಣ ಬಳಿದಂತೆ ಬೆಳ್ಳಗಾಗುತ್ತದೆ. ಬೆಳಗಿದ ಆಕಾಶದ ಮುಂದೆ ಕೊಂಬೆ ಮೇಲೆ ಕೂತ ಹದ್ದಿಗೆ ಮಾತ್ರ ಏರಿಸಿ.

ಇನ್ನೊಂದು, ನಾನು ಪೆಟ್ಟು ತಿಂದು ಕಲಿತದ್ದು. ಒಂದು ರಾತ್ರಿ ಏಸಿ ರೂಮಿನಲ್ಲಿ ಕ್ಯಾಮೆರಾವನ್ನು ಮೇಜಿನ ಮೇಲೆ ಇಟ್ಟು ಮಲಗಿದೆ. ಬೆಳಗ್ಗೆ ಗೇಟು ದಾಟಿ ಹತ್ತೇ ನಿಮಿಷಕ್ಕೆ ಮತ್ತಿ ಮರದ ಮೇಲೆ ಚಿರತೆ. ಲೆನ್ಸ್ ಎತ್ತಿ ನೋಡಿದರೆ ಬರೀ ಹಾಲು. ತಣ್ಣಗಿದ್ದ ಗಾಜಿನ ಮೇಲೆ ಹೊರಗಿನ ಗಾಳಿ ಇಬ್ಬನಿ ಕೂರಿಸಿತ್ತು. ಒರೆಸಿದಷ್ಟೂ ಕೂತಿತು. ಒರೆಸುವುದು ಮುಗಿಯುವಷ್ಟರಲ್ಲಿ ಚಿರತೆ ಇಳಿದು ಹೋಯಿತು. ಅಂದಿನಿಂದ ಕ್ಯಾಮೆರಾ ಬ್ಯಾಗಿನೊಳಗೇ ಮಲಗುತ್ತದೆ, ಏಸಿ ಬೆಳಗಿನ ಜಾವ ಬಂದ್.

ಏಳನೇ ಹೆಜ್ಜೆ: ಕಾಡಿನೊಳಗೆ ಆ ಮೂರು ಗಂಟೆ

ಗಾಡಿ ಹೊರಡುವ ಮೊದಲು ಚಾಲಕರ ಹತ್ತಿರ ಎರಡು ಮಾತಾಡಿ. "ಅಣ್ಣ, ಹುಲಿ ಸಿಗದಿದ್ದರೂ ಪರವಾಗಿಲ್ಲ. ನಿಧಾನ ಹೋಗೋಣ, ಬೆಳಕು ನೋಡಿ ನಿಲ್ಲಿಸಿ" ಅಂದು ನೋಡಿ. ದಿನಾ "ಹುಲಿ ಎಲ್ಲಿ, ಹುಲಿ ಎಲ್ಲಿ" ಅಂತ ಕೇಳಿ ಕೇಳಿ ಬೇಸತ್ತವರು ಅವರು. ಒಂದೇ ಸಲಕ್ಕೆ ಮುಖ ಅರಳುತ್ತದೆ. ಆಮೇಲೆ ನೀವು ಕೇಳದೆಯೇ ಮರದ ಪೊಟರೆಯ ಗೂಬೆ, ಕೆಂಜಳಿಲು, ಭೀಮರಾಜ ಹಕ್ಕಿ ಎಲ್ಲ ತೋರಿಸುತ್ತಾರೆ.

ಆಮೇಲೆ ಬಾಯಿ ಮುಚ್ಚಿ ಕಿವಿ ತೆರೆಯಿರಿ. ಹುಲಿ ಚಿರತೆಗಳನ್ನು ಹುಡುಕುವುದು ಕಣ್ಣಿನಿಂದಲ್ಲ. ಮರದ ತುದಿಯಲ್ಲಿ ಕೂತ ಮುಸಿಯ ಕೋತಿ ಮೊದಲು ನೋಡುತ್ತದೆ, ಗಂಟಲು ಕೆರೆದು ಕೆಮ್ಮಿದ ಹಾಗೆ ಕೂಗುತ್ತದೆ. ಕೆಳಗಿನ ಜಿಂಕೆ ಬಾಲ ಎತ್ತಿ ಕಿರುಚುತ್ತದೆ. ಜಿಂಕೆಯನ್ನು ಪೂರ್ತಿ ನಂಬಬೇಡಿ, ಅದು ಸೀಳುನಾಯಿ ಕಂಡರೂ ಕೂಗುತ್ತದೆ, ಒಮ್ಮೊಮ್ಮೆ ಸುಮ್ನೆ ಬೆಚ್ಚಿಯೂ ಕೂಗುತ್ತದೆ. ಆದರೆ ಕಡವೆ "ಢಾಂಕ್" ಅಂದರೆ, ಅದೂ ಬಿಟ್ಟು ಬಿಟ್ಟು ಅನ್ನುತ್ತಲೇ ಇದ್ದರೆ, ಅಲ್ಲಿ ಏನೋ ಇದೆ. ಜಿಂಕೆಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿವೆಯಾ? ಆ ದಿಕ್ಕಿಗೆ ಲೆನ್ಸ್ ತಿರುಗಿಸಿ ಕಾಯಿರಿ. ಪ್ರಾಣಿ ಹೊರಗೆ ಬರುವ ಜಾಗವನ್ನು ಊಹಿಸಿ ಮೊದಲೇ ಶಟರ್, ಐಎಸ್‌ಒ ನೋಡಿಕೊಳ್ಳಿ. ಬಂದ ಮೇಲೆ ನೋಡುವುದಕ್ಕೆ ಪುರುಸೊತ್ತು ಇರುವುದಿಲ್ಲ.

ಚಿರತೆಗೆ ಬೇರೆ ಉಪಾಯ. ಮತ್ತಿ ಮರದ ತೊಗಟೆ ಮೊಸಳೆ ಚರ್ಮದ ಹಾಗೆ ಒಡೆದಿರುತ್ತದೆ, ಅದರ ಮೇಲೆ ಚುಕ್ಕೆಯ ಮೈ ಕಾಣುವುದೇ ಇಲ್ಲ. ಅಡ್ಡ ಕೊಂಬೆಯಿಂದ ಕೆಳಗೆ ಇಳಿಬಿದ್ದ ಬಾಲ ಹುಡುಕಿ. ಬಾಲ ಸಿಕ್ಕರೆ ಉಳಿದದ್ದು ಸಿಕ್ಕಿದ ಹಾಗೆ.

ಪ್ರಾಣಿ ಸಿಕ್ಕಾಗ ಎದ್ದು ನಿಲ್ಲಬೇಡಿ. ಎಲ್ಲರ ಫ್ರೇಮೂ ಅಲುಗುತ್ತದೆ. ಇಂಜಿನ್ ಆಫ್ ಮಾಡಲು ಮೆಲ್ಲಗೆ ಹೇಳಿ, ಬೀನ್ ಬ್ಯಾಗ್ ಮೇಲೆ ಲೆನ್ಸ್ ಇಟ್ಟು ಉಸಿರು ಬಿಟ್ಟು ಒತ್ತಿ. ಮೊದಲ ನಾಲ್ಕು ಚಿತ್ರ ಸಾಕ್ಷಿಗೆ. ಆಮೇಲೆ ಜೂಮ್ ಹಿಂದಕ್ಕೆ ಎಳೆದು ಸುತ್ತಲ ಕಾಡನ್ನೂ ಸೇರಿಸಿಕೊಳ್ಳಿ. ಮುಖ ತುಂಬಿಸಿದ ಹುಲಿ ಚಿತ್ರ ಮೃಗಾಲಯದಲ್ಲೂ ಸಿಗುತ್ತದೆ. ತೇಗದ ಒಣ ಎಲೆಗಳ ಮೇಲೆ ನಡೆದು ಬರುವ ಹುಲಿ ಇಲ್ಲಿ ಮಾತ್ರ. ಹುಲಿಯ ಪಕ್ಕೆಯ ಪಟ್ಟೆ ಕಾಣುವ ಒಂದು ಚಿತ್ರವೂ ಇರಲಿ. ಪ್ರತಿ ಹುಲಿಯ ಪಟ್ಟೆ ಬೇರೆ. ಶಿವರಾಮ ಕಾರಂತರ ಮಗ ಉಲ್ಲಾಸ ಕಾರಂತರು ಇದೇ ನಾಗರಹೊಳೆಯಲ್ಲಿ ಪ್ರಾಣಿ ಹಾದುಹೋದಾಗ ತಾನೇ ಚಿತ್ರ ತೆಗೆಯುವ ಕ್ಯಾಮೆರಾ ಟ್ರ್ಯಾಪ್ ಇಟ್ಟು, ಪಟ್ಟೆ ಹೋಲಿಸಿ ಹುಲಿ ಎಣಿಸುವ ಕ್ರಮವನ್ನು ಬೆಳೆಸಿದರು.

ಏನೂ ಸಿಗದ ಸಫಾರಿ ಖಂಡಿತ ಇರುತ್ತದೆ. ಆಗ ಮಂಜಿನಲ್ಲಿ ನಿಂತ ಒಂಟಿ ಕಡವೆ, ಹುಲ್ಲಿನ ಮೇಲಿನ ಜೇಡರ ಬಲೆ ತೆಗೆಯಿರಿ. ನನ್ನ ಗೋಡೆಯ ಮೇಲಿರುವ ಚಿತ್ರ ಅಂಥದ್ದೇ ಒಂದು ಬೆಳಗ್ಗೆಯದು.

ಎಂಟನೇ ಹೆಜ್ಜೆ: ದೋಣಿ

ದೋಣಿ ಸಫಾರಿ ವಯಸ್ಸಾದವರಿಗೆ ಅಂತ ಮೂಗು ಮುರಿಯುವವರಿದ್ದಾರೆ. ಫೋಟೋಗೆ ಅದಕ್ಕಿಂತ ಒಳ್ಳೆಯ ಕೋನ ಇನ್ನೊಂದಿಲ್ಲ. ಜೀಪಿನಿಂದ ಪ್ರಾಣಿಯನ್ನು ಮೇಲಿನಿಂದ ನೋಡುತ್ತೀರಿ, ದೋಣಿಯಲ್ಲಿ ನೀರಿನ ಮಟ್ಟಕ್ಕೆ ಇಳಿಯುತ್ತೀರಿ. ದಡದಲ್ಲಿ ಬಾಯಿ ತೆರೆದು ಬಿಸಿಲು ಕಾಯಿಸುವ ಮೊಸಳೆ, ನೀರಲ್ಲಿ ಮುಳುಗಿ ಸತ್ತು ಬೋಳಾಗಿ ನಿಂತ ಮರಗಳ ಮೇಲೆ ರೆಕ್ಕೆ ಒಣಗಿಸುವ ನೀರುಕಾಗೆ, ಚಳಿಗಾಲದಲ್ಲಿ ಮೀನು ಹಿಡಿಯುವ ಡೇಗೆ ಹಕ್ಕಿ. ಸಂಜೆ ಆನೆ ಹಿಂಡು ನೀರಿಗಿಳಿದರೆ ಪ್ರತಿಬಿಂಬ ಸಮೇತ ಸಿಗುತ್ತದೆ. ಸೂರ್ಯ ಬೆನ್ನಿಗಿರುವ ದಡ ಯಾವುದು ಅಂತ ಹತ್ತುವ ಮೊದಲೇ ನೋಡಿಕೊಂಡು ಆ ಬದಿಯ ಸೀಟು ಹಿಡಿಯಿರಿ. ದೋಣಿ ಅಲುಗುವುದರಿಂದ ಶಟರ್ ವೇಗ ಒಂದು ಮೆಟ್ಟಿಲು ಏರಿಸಿ.

ಈ ನೀರಿನಂಚಿಗೆ ಇನ್ನೊಂದು ನೆನಪೂ ಇದೆ. ಕಾಕನಕೋಟೆಯ ಖೆಡ್ಡಾ ನಡೆಯುತ್ತಿದ್ದದ್ದು ಈ ಸೀಮೆಯಲ್ಲೇ. ಕಾಡಾನೆಗಳನ್ನು ಅಟ್ಟಿ ಹೊಳೆಗಿಳಿಸಿ ಹಿಡಿಯುತ್ತಿದ್ದರು. ಕೊನೆಯ ಖೆಡ್ಡಾ 1971ರಲ್ಲಿ. ಈಗ ಅದೇ ಹೊಳೆಗೆ ಆನೆಗಳು ತಮ್ಮಷ್ಟಕ್ಕೆ ಇಳಿಯುತ್ತವೆ.

ಆನೆ ಹತ್ತಿರವಾದಾಗ, ಅದು ಜೀಪಿರಲಿ ದೋಣಿಯಿರಲಿ, ಕಿವಿ ನೋಡಿ. ಬೀಸುತ್ತಿದ್ದರೆ ಆರಾಮ. ಕಿವಿ ಅಗಲಿಸಿ, ಬಾಲ ಎತ್ತಿ, ಅಲ್ಲಾಡದೆ ನಿಂತರೆ ಅದು ನಿಮ್ಮನ್ನು ಅಳೆಯುತ್ತಿದೆ. ಕಣ್ಣಿನ ಪಕ್ಕದಿಂದ ದ್ರವ ಇಳಿದಿದ್ದರೆ ಗಂಡಾನೆಗೆ ಮದ. ಆಗ ಇನ್ನೂ ಹತ್ತಿರ ಹೋಗೋಣ ಅಂತ ಚಾಲಕರನ್ನು ಪೀಡಿಸಬೇಡಿ, ಅವರು ಹಿಂದೆ ತೆಗೆದುಕೊಂಡರೆ ಮುಖ ಸಿಂಡರಿಸಬೇಡಿ.

ಕೊನೆಯ ಹೆಜ್ಜೆ: ಮನೆಗೆ ಬಂದ ಮೇಲೆ

ಅದೇ ರಾತ್ರಿ ಕಾರ್ಡಿನ ಚಿತ್ರಗಳನ್ನು ಎರಡು ಕಡೆ ಕಾಪಿ ಮಾಡಿ. ಎರಡೂ ತೆರೆದು ನೋಡಿದ ಮೇಲಷ್ಟೇ ಕಾರ್ಡ್ ಅಳಿಸಿ. ಆರಿಸುವ ಕೆಲಸವನ್ನು ಒಂದು ವಾರ ತಡಮಾಡಿ. ಬಂದ ದಿನ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಹುಲಿ ಚಿರತೆಯ ಚಿತ್ರವನ್ನು ಅವತ್ತೇ, ಜಾಗದ ಹೆಸರು ಸಮೇತ ಹಾಕಬೇಡಿ. ಮಾರನೇ ದಿನ ಗಾಡಿಗಳೆಲ್ಲ ಅದೇ ತಿರುವಿಗೆ ನುಗ್ಗುತ್ತವೆ. "ಕಬಿನಿ, ಏಪ್ರಿಲ್" ಅಂತ ಬರೆದರೆ ಸಾಕಲ್ವಾ? ನೋಡಿದ ಹಕ್ಕಿಗಳ ಪಟ್ಟಿ ಇದ್ದರೆ ಇಬರ್ಡ್ ಅನ್ನುವ ಹಕ್ಕಿ ದಾಖಲೆಯ ವೆಬ್‌ಸೈಟಿಗೆ ಸೇರಿಸಿ.

ಲೆನ್ಸನ್ನು ಬ್ಲೋಯರ್‌ನಿಂದ ಊದಿ, ಆಮೇಲೆ ಬಟ್ಟೆ. ಮೊದಲೇ ಒರೆಸಿದರೆ ಕಾಡಿನ ಧೂಳು ಗಾಜನ್ನು ಗೀರುತ್ತದೆ. ಬೀನ್ ಬ್ಯಾಗನ್ನೂ ತಕ್ಷಣ ಬಿಚ್ಚಿ, ಬಿಟ್ಟರೆ ಹುರುಳಿಗೆ ಹುಳ ಬೀಳುತ್ತದೆ. ಒಳಗೆ ಪ್ಲಾಸ್ಟಿಕ್ ಕವರ್ ಹಾಕಿ ಅಂದದ್ದು ಇದಕ್ಕೇ. ನಮ್ಮ ಮನೆಯಲ್ಲಿ ಕಬಿನಿಯಿಂದ ಬಂದ ಮಾರನೇ ದಿನ ಹುರುಳಿ ಸಾರು, ಮುದ್ದೆ.